ನನ್ನ ಕಸುಬಿನ ಹತ್ಯಾರುಗಳು
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಸಾಹಿತಿಗಳೂ ಅಧ್ಯಾಪಕರೂ ಮಾತನಾಡಿದ ಈ ವೇದಿಕೆಗೆ, ಗಣಕಯಂತ್ರಕ್ಕೆ ಕ್ರಮವಿಧಿ ಬರೆದು ಹೊಟ್ಟೆ ಹೊರೆಯುವ ನನ್ನಂಥವನನ್ನು ಕರೆದುದು ಕಾರ್ಯದರ್ಶಿಗಳ ವಿಶ್ವಾಸವೇ ಸರಿ. ಬಡಗಿಗೆ ತನ್ನ ಉಳಿಯ ಮೇಲಿರುವಂತೆ ನಮ್ಮ ಕಸುಬಿನವರಿಗೂ ತಮ್ಮ ತಮ್ಮ ಹತ್ಯಾರುಗಳ ಮೇಲೆ ಮೋಹ ಹೆಚ್ಚು. ಆ ಮಾತು ತೆಗೆದರೆ ಇಬ್ಬರು ಗೆಳೆಯರು ಬೆಳಗಾಗುವ ತನಕ ವಾದಿಸಿಯಾರು. ನಾನೂ ಆ ದೋಷಕ್ಕೆ ಹೊರತಲ್ಲ.

ನಾನು ದಿನವೂ ಬಳಸುವುದು ಬರೆದು ತಿದ್ದಲು ನೆರವಾಗುವ ವಿಮ್ ಎಂಬ ತಂತ್ರಾಂಶವನ್ನು. ಅಮೆರಿಕೆಯ ಬಿಲ್ ಜಾಯ್ 1976ರಲ್ಲಿ ರಚಿಸಿದ ವಿಐ ಎಂಬುದರ ಸಂತತಿಯಿದು. ನೆದರ್ಲೆಂಡ್ಸಿನ ಬ್ರಾಂ ಮೋಲೆನಾರ್ ಅವರು 1991ರಲ್ಲಿ ಇದನ್ನು ಲೋಕಕ್ಕಿತ್ತರು. ಇದರಲ್ಲಿ ಒಂದೇ ಕೀಲಿ ಒಮ್ಮೆ ಅಕ್ಷರವಾಗುವುದು, ಇನ್ನೊಮ್ಮೆ ಅಪ್ಪಣೆಯಾಗುವುದು. 'ಡಿ'ಯನ್ನು ಎರಡು ಬಾರಿ ಒತ್ತಿದರೆ ಇಡಿಯ ಸಾಲೇ ಮಾಯ! ಹೊಸಬರು ಒಳಹೊಕ್ಕು, ಹೊರಬರುವ ದಾರಿಯರಿಯದೆ, ಅಭಿಮನ್ಯುವಿನ ಪಾಡು ಪಡುವುದುಂಟು. ಮೋಲೆನಾರ್ ಅವರು ಇದಕ್ಕೆ ಬೆಲೆ ಕಟ್ಟಲಿಲ್ಲ. ಕೊಡುವ ಮನಸ್ಸುಳ್ಳವರು ಉಗಾಂಡದ ಬಡಮಕ್ಕಳಿಗೆ ಕೊಡಿರೆಂದರು. 2023ರಲ್ಲಿ ಅವರು ತೀರಿಕೊಂಡ ಮೇಲೂ ಇತರರು ಆ ಕೆಲಸವನ್ನು ಮುಂದುವರಿಸಿದ್ದಾರೆ.

ಆದರೆ ಇದೇ ಶ್ರೇಷ್ಠವೆಂದು ವಾದಿಸಲು ನಾನು ನಿಂತಿಲ್ಲ. ನಾಳೆ ವಿಮ್ ಇಲ್ಲವಾದರೂ ಅದರಲ್ಲಿ ಬರೆದುದನ್ನು ಬೇರೆ ಯಾವ ತಂತ್ರಾಂಶದಲ್ಲಿಯೂ ತೆರೆದು ಓದಬಹುದು. ನನ್ನ ಮೋಹಕ್ಕೆ ಮುಖ್ಯ ಕಾರಣ ಅದು. ಈ ಗುಣದ ಬೆಲೆ ನನಗೆ ತಿಳಿದುದು ಕಚೇರಿಯಲ್ಲಲ್ಲ, ಮನೆಯಲ್ಲಿ.

ನಮ್ಮ ತಂದೆಯವರು ನಿವೃತ್ತರಾದ ಬಳಿಕ, ತಾವು ಕಂಡ ಯಕ್ಷಗಾನದ ಆಟಗಳನ್ನೂ ಕೇಳಿದ ತಾಳಮದ್ದಳೆಗಳನ್ನೂ ನೆನೆನೆನೆದು ಗಣಕದಲ್ಲಿ ಬೆರಳಚ್ಚಿಸುತ್ತಿದ್ದರು. ಅದು ಅವರ ಹವ್ಯಾಸ. ಅವರು ತೀರಿಕೊಂಡ ಮೇಲೆ ಆ ಕಡತಗಳನ್ನು ಹೊಸ ಗಣಕದಲ್ಲಿ ತೆರೆದರೆ, ಕನ್ನಡದ ಒಂದಕ್ಷರವೂ ಇಲ್ಲ! ರೋಮನ್ ಲಿಪಿಯ ಕಲಸುಮೇಲೋಗರ. ಅಂದು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳನ್ನು ತುಂಡುತುಂಡಾಗಿ ಕೂರಿಸುತ್ತಿದ್ದರು. ಆ ಅಕ್ಷರರೂಪಗಳ ಕಟ್ಟು ಜೊತೆಗಿಲ್ಲದಿದ್ದರೆ, ಅದು ಕನ್ನಡವೆಂಬುದೇ ಯಂತ್ರಕ್ಕೆ ತಿಳಿಯದು. ತಂದೆಯವರ ಮಾತು ಕೈಯಲ್ಲಿದ್ದೂ ಓದಲಾರದವನಾದೆ.

ಇದಕ್ಕೆ ಪರಿಹಾರ ಯೂನಿಕೋಡ್ ಎಂಬ ವ್ಯವಸ್ಥೆ. 1991ರ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡವು ಸೇರಿತ್ತು. ಅಲ್ಲಿ ನಮ್ಮ ಲಿಪಿಗೆ 128 ಸ್ಥಾನಗಳ ಸ್ವಂತ ಮನೆಯಿದೆ. ಒಂದು ಮಗ್ಗುಲಿಗೆ ತೆಲುಗು, ಇನ್ನೊಂದು ಮಗ್ಗುಲಿಗೆ ಮಲಯಾಳ. 1956ರಿಂದ ಕೇರಳದಲ್ಲಿರುವ ಕಾಸರಗೋಡಿನವರಾದ ನಮಗೆ ಈ ನೆರೆಹೊರೆ ಹೊಸತೇನಲ್ಲ! ತುಳು-ತಿಗಳಾರಿ ಲಿಪಿಗೂ 2024ರಲ್ಲಿ ಅಲ್ಲಿ ಸ್ಥಳ ದೊರೆತಿದೆ.

ಹಳೆಯ ತುಂಡುಗಳನ್ನು ಜೋಡಿಸಿ ಯೂನಿಕೋಡಿಗೆ ತರುವ ಸಣ್ಣ ಕ್ರಮವಿಧಿಯೊಂದನ್ನು ನಾನೇ ಬರೆದೆ. ಭಾನುವಾರಗಳಂದು ಅದನ್ನು ತಿದ್ದುವುದೇ ಈಗ ನನ್ನ ಹವ್ಯಾಸ. ಅರ್ಕಾವತ್ತು ಮಾತ್ರ ನನ್ನನ್ನು ಬಹಳ ಗೋಳಾಡಿಸಿತು: ಉಚ್ಚಾರದಲ್ಲಿ ಮೊದಲು ಬರುವ ರಕಾರವು ಕಾಗದದ ಮೇಲೆ ಕೊನೆಯಲ್ಲಿ ಕೂರುತ್ತದೆ, 'ಕರ್ಣ'ನಿಗೂ 'ಅರ್ಜುನ'ನಿಗೂ ಮರಳಿ ಹೆಸರು ಕೊಡಿಸಲು ನನಗೆ ಮೂರು ವಾರಗಳು ಹಿಡಿದವು. ತಿದ್ದಿದ ಪುಟಗಳನ್ನು ಕನ್ನಡ ಶಾಲೆಗೆ ಹೋಗುವ ಮಗಳು ಗಟ್ಟಿಯಾಗಿ ಓದುತ್ತಾಳೆ. ಅವಳು ಎಡವಿದಲ್ಲಿ ತಪ್ಪು ಕ್ರಮವಿಧಿಯದೋ, ಅವಳದೋ, ಅಜ್ಜನದೋ ಎಂದು ಚರ್ಚೆ ನಡೆಯುವುದು. ಇನ್ನೂ ಹನ್ನೊಂದು ಪುಟಗಳು ಉಳಿದಿವೆ.

ನಮ್ಮ ಸಂಘದ ಹಳೆಯ ಸಂಚಿಕೆಗಳ ಕಡತಗಳಲ್ಲಿಯೂ ಕೆಲವು ಇದೇ ಸ್ಥಿತಿಯಲ್ಲಿವೆಯೆಂದು ಕಾರ್ಯದರ್ಶಿಗಳು ತಿಳಿಸಿದರು. ನಿಮ್ಮ ಮನೆಗಳಲ್ಲಿಯೂ ಹಿರಿಯರು ಬೆರಳಚ್ಚಿಸಿಟ್ಟದ್ದೇನಾದರೂ ಇದ್ದರೆ, ಓದಲಾಗದೆಂದು ಅಳಿಸದಿರಿ. ಪ್ರತಿಯೊಂದನ್ನು ಗ್ರಂಥಾಲಯದ ಮೇಜಿನ ಮೇಲಿಟ್ಟು ಹೋಗಿರಿ. ನಾನು ಸಂಜೆಯ ತನಕ ಅಲ್ಲಿಯೇ ಇರುವೆನು.