ಭಾನುವಾರ ಹತ್ತರಿಂದ ಐದು

ಮೂರು ವರ್ಷದ ಕೂಸಿಗೆ ಗಡಿಯಾರ ತಿಳಿಯದು. ಅದಕ್ಕೆ 'ನಾಳೆ' ಎಂದರೂ ಒಂದೇ, 'ಬರುವ ವಾರ' ಎಂದರೂ ಒಂದೇ. ಕಣ್ಣೆದುರಿಗಿಲ್ಲದ ತಂದೆ ಅದರ ಪಾಲಿಗೆ ಬರಿಯ ಒಂದು ಕೊರತೆ. ಆದರೆ ದಂಪತಿಗಳು ಬೇರೆಯಾದಾಗ ನ್ಯಾಯಾಲಯವು ಅದಕ್ಕೆ ಕೊಡುವುದು ಗಡಿಯಾರವನ್ನೇ: ಎರಡನೆಯ ಮತ್ತು ನಾಲ್ಕನೆಯ ಭಾನುವಾರ, ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ. ನ್ಯಾಯಾಧೀಶರಾದರೂ ಇನ್ನೇನು ಮಾಡಿಯಾರು? ಅಕ್ಕರೆಯನ್ನು ಆಜ್ಞೆಯಲ್ಲಿ ಬರೆಯಲಾಗದು, ವೇಳೆಯನ್ನು ಬರೆಯಬಹುದು.

ನಮ್ಮ ಶಾಸನಗಳು ಈ ವಿಷಯದಲ್ಲಿ ಮಿತಭಾಷಿಗಳು. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯಿದೆ ಮಗುವಿನ ಕ್ಷೇಮವನ್ನು ನೋಡಿರೆಂದಿತು. ಹಿಂದೂ ಮಕ್ಕಳ ಪಾಲಕತ್ವವನ್ನು ಕುರಿತ 1956ರ ಕಾಯಿದೆ, ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರತಕ್ಕದ್ದೆಂದಿತು. ಅಲ್ಲಿಂದ ಮುಂದೆ, ತಂದೆ ಎಷ್ಟು ದಿನಕ್ಕೊಮ್ಮೆ, ಎಷ್ಟು ಹೊತ್ತು ಮಗುವನ್ನು ಕಾಣಬೇಕೆಂಬುದಕ್ಕೆ ಯಾವ ಕೋಷ್ಟಕವೂ ಅವುಗಳಲ್ಲಿ ಇಲ್ಲ. ಎಲ್ಲವೂ ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು. ಮಕ್ಕಳು ತಂದೆತಾಯಿಯರ ಸೊತ್ತಲ್ಲ, ಆಟದ ಬೊಂಬೆಗಳೂ ಅಲ್ಲ ಎಂಬ ಮಾತನ್ನು ಸರ್ವೋಚ್ಚ ನ್ಯಾಯಾಲಯ 1973ರಲ್ಲಿಯೇ ಹೇಳಿತು. ಇಬ್ಬರ ಪ್ರೀತಿಯೂ ಮಗುವಿನ ಹಕ್ಕು, ದೂರದಲ್ಲಿರುವವರಿಗೆ ವಿಡಿಯೋ ಕರೆಯ ಮೂಲಕವಾದರೂ ಸಂಪರ್ಕ ದೊರೆಯಬೇಕು ಎಂದು 2020ರಲ್ಲಿ ಅದು ವಿವರಿಸಿತು.

ಕರ್ನಾಟಕದ ಉಚ್ಚ ನ್ಯಾಯಾಲಯ 2013ರಲ್ಲಿ ಒಂದು ಹೆಜ್ಜೆ ಮುಂದೆ ಹೋಯಿತು. ಒಬ್ಬ ಬಾಲಕ ಜನವರಿಯಿಂದ ಜೂನ್‌ವರೆಗೆ ತಂದೆಯೊಡನೆ, ಜುಲೈಯಿಂದ ಡಿಸೆಂಬರ್‌ವರೆಗೆ ತಾಯಿಯೊಡನೆ ಇರಬೇಕೆಂದು ವಿಧಿಸಿತು. 2015ರಲ್ಲಿ ಕಾನೂನು ಆಯೋಗವೂ ತನ್ನ 257ನೆಯ ವರದಿಯಲ್ಲಿ ಜಂಟಿ ಸುಪರ್ದಿಗೆ ಅವಕಾಶವಿರಲೆಂದಿತು. ಬೆಳೆದ ಹುಡುಗನಿಗೆ ಇದು ಹೊಂದೀತು. ಎದೆಹಾಲು ಬಿಡದ ಕೂಸಿಗೆ ಆರು ತಿಂಗಳೆಂದರೆ ಒಂದು ಯುಗ. ಅದಕ್ಕೆ ಬೇಕಾದದ್ದು ದೀರ್ಘವಾದ ಸಹವಾಸವಲ್ಲ, ಪದೇಪದೇ ಕಾಣುವ ಮುಖ. ಹದಿನೈದು ದಿನಕ್ಕೊಮ್ಮೆ ಏಳು ಗಂಟೆಗಿಂತ ವಾರಕ್ಕೆ ಮೂರು ಸಲ ಒಂದೊಂದು ಗಂಟೆ ಮೇಲೆಂದು ನನ್ನ ಎಣಿಕೆ. ಲೆಕ್ಕದಲ್ಲಿ ತಂದೆಗೆ ಹದಿನೈದು ದಿನಕ್ಕೆ ಸುಮಾರು ಒಂದು ಗಂಟೆಯಷ್ಟೇ ನಷ್ಟ. ಓಡಾಟ ಮಾತ್ರ ಹೆಚ್ಚೀತು.

ಎಲ್ಲಕ್ಕಿಂತ ಕಠಿನವಾದುದು ಮಗುವನ್ನು ಒಪ್ಪಿಸುವ ಆ ಐದು ನಿಮಿಷ. ಗೇಟಿನ ಬಳಿ ತಾಯಿ ನಿಂತಿದ್ದಾಳೆ, ಬೀದಿಯಲ್ಲಿ ತಂದೆ. ನಡುವೆ ಒಂದು ಚೀಲ, ಒಂದು ಹಾಲಿನ ಸೀಸೆ. ಮಗು ಅಳುತ್ತದೆ. 'ನೋಡಿ, ಅವನ ಬಳಿ ಹೋಗಲು ಅದಕ್ಕೆ ಇಷ್ಟವಿಲ್ಲ' ಎಂದು ಒಂದು ಪಕ್ಷ. ಸಂಜೆ ಮರಳುವಾಗಲೂ ಅಳುತ್ತದೆ. 'ನೋಡಿ, ಅವಳ ಬಳಿಗೆ ಮರಳಲು ಅದಕ್ಕೆ ಇಷ್ಟವಿಲ್ಲ' ಎಂದು ಇನ್ನೊಂದು ಪಕ್ಷ. ಎರಡು ಅಳುವೂ ಅರ್ಜಿಯೊಳಗೆ ಸೇರುತ್ತವೆ. ಮರಳಾಟ ಬಿಡಿಸಿ ಸ್ನಾನಕ್ಕೆ ಎತ್ತಿಕೊಂಡು ಹೋದರೂ ಆ ಮಗು ಹೀಗೆಯೇ ಅಳುತ್ತದೆಂಬುದನ್ನು ಕೇಳುಗರಲ್ಲಿ ತಾಯಂದಿರಿಗೆ ನಾನು ಹೇಳಬೇಕಾಗಿಲ್ಲ. ವಕೀಲರಿಗೂ ಇದು ತಿಳಿಯದ್ದಲ್ಲ. ಅವರ ಮನೆಗಳಲ್ಲಿಯೂ ಮಕ್ಕಳಿದ್ದಾರೆ.

ಕೆಲವರು ಈ ಹೊತ್ತಿಗೆ ಅಜ್ಜಿಯನ್ನೋ ಸೋದರಮಾವನನ್ನೋ ನಡುವೆ ನಿಲ್ಲಿಸುತ್ತಾರೆ. ಜಾಣತನವೇ ಅದು. ಮಲಗುವ ದುಪ್ಪಟಿ, ಉಣ್ಣುವ ಬಟ್ಟಲು ಎರಡು ಮನೆಗೂ ಮಗುವಿನ ಜೊತೆಯಲ್ಲಿಯೇ ಹೋಗಲಿ. ಮಧ್ಯಾಹ್ನದ ನಿದ್ದೆಯ ಹೊತ್ತು ಎರಡು ಕಡೆಯೂ ಒಂದೇ ಇರಲಿ. ಇವನ್ನು ಯಾವ ತೀರ್ಪೂ ಬರೆಯಬೇಕಾಗಿಲ್ಲ.

ಸುಪರ್ದಿನ ಆಜ್ಞೆ ಎಂದಿಗೂ ಕಡೆಯ ಮಾತಲ್ಲ. ಮಗು ಬೆಳೆದಂತೆ, ಸ್ಥಿತಿ ಬದಲಾದಂತೆ ಅದನ್ನು ತಿದ್ದಿಸಿಕೊಳ್ಳಲು ಮತ್ತೆ ನ್ಯಾಯಾಲಯಕ್ಕೆ ಹೋಗಬಹುದು. ಮೂರನೆಯ ವಯಸ್ಸಿನಲ್ಲಿ ಬರೆಸಿಕೊಂಡ ಭಾನುವಾರವನ್ನೇ ಹತ್ತನೆಯ ವಯಸ್ಸಿನವರೆಗೂ ಹಿಡಿದು ಕೂತವರುಂಟು. ಅಷ್ಟರಲ್ಲಿ ಆ ಹುಡುಗನಿಗೆ ಭಾನುವಾರ ಕ್ರಿಕೆಟ್ ಇರುತ್ತದೆ.