ಸೆರೆಮನೆಯ ನೆರೆಮನೆಯಲ್ಲಿ ಸಂಸಾರ



ಅಲ್ಕಟ್ರಾಝ್ ಎಂದೊಡನೆ ನೆನಪಾಗುವುದು ಅಲ್ ಕಪೋನ್‌ನಂಥ ಕುಖ್ಯಾತ ಪಾತಕಿಗಳು ಮತ್ತು ಜೈಲು ಮುರಿದು ಓಡಿದವರ ಕಥೆಗಳು. ಆದರೆ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿರುವ, ಸುಮಾರು 22 ಎಕರೆ ವಿಸ್ತೀರ್ಣದ ಆ ಬಂಡೆಯ ಮೇಲೆ ಮಕ್ಕಳೂ ಆಡಿ ಬೆಳೆದರು ಎಂಬುದು ಬಹಳ ಮಂದಿಗೆ ಗೊತ್ತಿಲ್ಲ.

1934ರಿಂದ 1963ರವರೆಗೆ ಅಲ್ಲಿ ಕೇಂದ್ರ ಸರ್ಕಾರದ ಬಂದೀಖಾನೆ ಇತ್ತು. ಬೇರೆ ಜೈಲುಗಳಲ್ಲಿ ಹದ್ದುಬಸ್ತಿಗೆ ಬಾರದ ಕೈದಿಗಳನ್ನು ಅಲ್ಲಿಗೆ ಸಾಗಿಸುತ್ತಿದ್ದರು. ಗಲಭೆ ಎದ್ದರೆ ಕಾವಲುಗಾರರು ಕೂಗಳತೆಯಲ್ಲೇ ಸಿಗಬೇಕಲ್ಲವೇ? ಹಾಗಾಗಿ ಸಿಬ್ಬಂದಿಯಲ್ಲಿ ಅನೇಕರು ಹೆಂಡತಿ ಮಕ್ಕಳೊಡನೆ ದ್ವೀಪದಲ್ಲೇ ಮನೆ ಹೂಡಿದರು. ಬಾಡಿಗೆ ಅಗ್ಗ, ಕಿಟಕಿ ತೆರೆದರೆ ಕೊಲ್ಲಿಯ ನೋಟ. ಗುಡ್ಡದ ನೆತ್ತಿಯಲ್ಲಿ ಜೈಲು, ಕೆಳಗೆ ಹಳೆಯ ಸೈನಿಕ ಕಟ್ಟಡಗಳಲ್ಲಿ ಸಂಸಾರಗಳು.

ಅಲ್ಲಿನ ಬದುಕು ನಡೆಯುತ್ತಿದ್ದುದು ದೋಣಿಯ ವೇಳಾಪಟ್ಟಿಯಂತೆ. ದ್ವೀಪದಲ್ಲಿ ಶಾಲೆ ಇರಲಿಲ್ಲ. ಮಕ್ಕಳು ಬೆಳಿಗ್ಗೆ ಚೀಲ ಹೆಗಲಿಗೇರಿಸಿ ದೋಣಿ ಹತ್ತಿ, ಎರಡು ಕಿಲೋಮೀಟರಿನಷ್ಟು ನೀರು ದಾಟಿ ನಗರದ ಶಾಲೆಗಳಿಗೆ ಹೋಗಿ ಬರುತ್ತಿದ್ದರು. ಸೈನಿಕರು ಕವಾಯತು ಮಾಡುತ್ತಿದ್ದ ಹಳೆಯ ಮೈದಾನವೇ ಅವರ ಆಟದ ಬಯಲು. ದೊಡ್ಡವರಿಗೊಂದು ಕ್ಲಬ್ಬು, ಅದರಲ್ಲಿ ಬೌಲಿಂಗ್ ಆಟದ ವ್ಯವಸ್ಥೆ. ಕಟ್ಟುಪಾಡುಗಳೂ ಇದ್ದವು. ನಾಯಿ, ಬೆಕ್ಕು ಸಾಕುವಂತಿರಲಿಲ್ಲ. ಆಟಿಕೆಯ ಪಿಸ್ತೂಲು ತರುವಂತಿರಲಿಲ್ಲ. ಅದು ಕೈದಿಯ ಕೈಗೆ ಸಿಕ್ಕರೆ ದೂರದಿಂದ ನಿಜವಾದದ್ದೆಂದೇ ಕಾಣಬಹುದಿತ್ತು. ಕೈದಿಗಳೊಡನೆ ಮಾತು ಕೂಡದು.

ವಿಚಿತ್ರವೆಂದರೆ, ಅಲ್ಲಿ ಬೆಳೆದ ಅನೇಕರು ಮುಂದೆ ನೆನಪಿಸಿಕೊಂಡದ್ದು ಭಯವನ್ನಲ್ಲ. ಮನೆಗೆ ಬೀಗ ಹಾಕುವ ಪದ್ಧತಿಯೇ ಇರಲಿಲ್ಲ ಎಂದು ಅವರು ಹೇಳಿದ್ದಾರೆ. ಅಪಾಯಕಾರಿಗಳೆಲ್ಲ ಮೇಲೆ ಕಂಬಿಯ ಹಿಂದೆ. ಕೆಳಗೆ ಇದ್ದವರೆಲ್ಲ ಪರಿಚಿತರು!

ಆದರೆ ಆ ನೆಮ್ಮದಿಗೆ ಬೆಲೆಯಿತ್ತು. 1946ರ ಮೇ 2ರಂದು ಆರು ಮಂದಿ ಕೈದಿಗಳು ಬಂದೂಕು ಕಸಿದು ಕಾವಲುಗಾರರನ್ನು ಒತ್ತೆ ಇಟ್ಟುಕೊಂಡರು. ಎರಡು ದಿನ ಗುಂಡಿನ ಮೊರೆತ ನಿಲ್ಲಲಿಲ್ಲ. ನೌಕಾ ಸೈನಿಕರನ್ನೂ ಕರೆಸಬೇಕಾಯಿತು. ಕೊನೆಗೆ ಇಬ್ಬರು ಕಾವಲುಗಾರರು, ಮೂವರು ಕೈದಿಗಳು ಸತ್ತರು. ದಡದಲ್ಲಿ ನಿಂತವರಿಗೆ ಅದೊಂದು ನೋಟ. ಗುಡ್ಡದ ಕೆಳಗಿನ ಮನೆಗಳಲ್ಲಿ ಮಾತ್ರ ಪ್ರತಿ ಗುಂಡಿನ ಸದ್ದಿಗೂ ಒಂದೇ ಪ್ರಶ್ನೆ: ನಮ್ಮವರು ಬದುಕಿದ್ದಾರೆಯೇ?

ಕಡೆಗೆ ಜೈಲನ್ನು ಮುಚ್ಚಿಸಿದ್ದು ಮುಖ್ಯವಾಗಿ ಖರ್ಚು. ಕುಡಿಯುವ ನೀರನ್ನೂ ದಡದಿಂದಲೇ ತರಬೇಕಿತ್ತು; ಉಪ್ಪುಗಾಳಿ ಕಟ್ಟಡಗಳನ್ನು ತಿನ್ನುತ್ತಿತ್ತು. 1959ರಲ್ಲಿ ಒಬ್ಬ ಕೈದಿಗೆ ದಿನಕ್ಕೆ ಅಟ್ಲಾಂಟ ಜೈಲಿನಲ್ಲಿ 3 ಡಾಲರ್ ತಗುಲಿದರೆ ಇಲ್ಲಿ 10 ಡಾಲರಿಗೂ ಹೆಚ್ಚು. 1963ರ ಮಾರ್ಚ್ 21ರಂದು ಕಡೆಯ ಕೈದಿಗಳು ದ್ವೀಪ ಬಿಟ್ಟರು. ಸಂಸಾರಗಳೂ ಗಂಟುಮೂಟೆ ಕಟ್ಟಿದವು.

1973ರಲ್ಲಿ ದ್ವೀಪ ಪ್ರವಾಸಿಗರಿಗೆ ತೆರೆಯಿತು. ಬಂದವರು ಮೊದಲು ಹುಡುಕುವುದು ಕೈದಿಗಳ ಕೋಣೆಗಳನ್ನು. ಆದರೆ ಅಲ್ಲಿ ಬೆಳೆದವರು, ತಲೆ ನರೆತ ಮೇಲೂ, ಹಳೆಯ ನೆರೆಹೊರೆಯವರನ್ನು ಕಾಣಲು ಅದೇ ದ್ವೀಪದಲ್ಲಿ ಮತ್ತೆ ಸೇರಿದ್ದುಂಟು. ಕೈದಿಗಳಿಗೆ ಅದು ತಪ್ಪಿಸಿಕೊಳ್ಳಬೇಕಾದ ಜಾಗ. ಈ ಮಕ್ಕಳಿಗೆ ತವರೂರು.