ಎರವಲು ಮತಗಳ ಗೆಲುವು



ಅಮೆರಿಕದ ಮುಂದಿನ ಅಧ್ಯಕ್ಷೀಯ ಚುನಾವಣೆಯು 2028ರ ನವೆಂಬರ್ 7ರಂದು ನಡೆಯಲಿದೆ. 2024ರಲ್ಲಿ ಗೆದ್ದ ರಿಪಬ್ಲಿಕನ್ ಪಕ್ಷವು ಮತ್ತೊಮ್ಮೆ ಗೆಲ್ಲಬಲ್ಲುದೇ? ಇದಕ್ಕೆ ಉತ್ತರ ಕಂಡುಕೊಳ್ಳಬೇಕಾದರೆ ನಾವು ಘೋಷಣೆಗಳನ್ನು ಬದಿಗಿರಿಸಿ ಅಂಕಿಗಳನ್ನು ನೋಡಬೇಕಾಗುತ್ತದೆ.

ಅಲ್ಲಿ ಅಧ್ಯಕ್ಷರನ್ನು ನಿರ್ಧರಿಸುವುದು ಒಟ್ಟು ಜನಮತವಲ್ಲ; ರಾಜ್ಯಗಳಿಗೆ ಹಂಚಲಾದ 538 ಎಲೆಕ್ಟೋರಲ್ ಮತಗಳು. ಗೆಲುವಿಗೆ 270 ಬೇಕು. 2024ರಲ್ಲಿ ಡೊನಾಲ್ಡ್ ಟ್ರಂಪ್ 312 ಮತಗಳನ್ನು ಪಡೆದರು. 2004ರ ಬಳಿಕ ಮೊದಲ ಬಾರಿಗೆ ಅವರ ಪಕ್ಷವು ಜನಮತದಲ್ಲೂ ಮುಂದಿತ್ತು ಎಂಬುದನ್ನು ನಾವು ಒಪ್ಪಲೇಬೇಕು. ಆದರೆ ಮಿಷಿಗನ್, ವಿಸ್ಕಾನ್ಸಿನ್ ಮತ್ತು ಪೆನ್ಸಿಲ್ವೇನಿಯಾಗಳ 44 ಮತಗಳನ್ನು ಕಳೆದರೆ ಉಳಿಯುವುದು 268 ಮಾತ್ರ. ಈ ಮೂರು ರಾಜ್ಯಗಳಲ್ಲಿ ಅವರಿಗೆ ದೊರೆತ ಮುನ್ನಡೆಯು ಒಟ್ಟು ಸೇರಿ ಸುಮಾರು 2.30 ಲಕ್ಷ. ಮತ ಚಲಾಯಿಸಿದವರಾದರೋ 15 ಕೋಟಿಗೂ ಅಧಿಕ. ಅಧಿಕಾರದ ಕಟ್ಟಡ ನಿಂತಿರುವುದು ಇಷ್ಟು ತೆಳುವಾದ ಅಡಿಪಾಯದ ಮೇಲೆ.

ಇನ್ನೊಂದು ತೊಡಕಿದೆ. 1951ರಲ್ಲಿ ಜಾರಿಗೆ ಬಂದ ಸಂವಿಧಾನದ 22ನೇ ತಿದ್ದುಪಡಿಯ ಪ್ರಕಾರ ಯಾರೂ ಎರಡು ಬಾರಿಗಿಂತ ಹೆಚ್ಚು ಅಧ್ಯಕ್ಷರಾಗಿ ಚುನಾಯಿತರಾಗುವಂತಿಲ್ಲ. ಆದ್ದರಿಂದ ಪಕ್ಷವು ಬೇರೊಬ್ಬರನ್ನು ಕಣಕ್ಕಿಳಿಸಬೇಕು. ಟ್ರಂಪ್ ಸ್ವತಃ ಕಣದಲ್ಲಿಲ್ಲದ 2018ರ ಮಧ್ಯಾವಧಿ ಚುನಾವಣೆಯಲ್ಲಿ ಪಕ್ಷವು ಪ್ರತಿನಿಧಿ ಸಭೆಯನ್ನು ಕಳೆದುಕೊಂಡಿತ್ತು. ಅಲ್ಲದೆ 2016, 2020 ಮತ್ತು 2024 ಈ ಮೂರೂ ಬಾರಿ ಅಧ್ಯಕ್ಷ ಪದವಿ ಆಡಳಿತ ಪಕ್ಷದ ಕೈತಪ್ಪಿದೆ. 2024ರಲ್ಲಿ ಬೆಲೆಯೇರಿಕೆಯ ಬಗೆಗಿನ ಆಕ್ರೋಶ ರಿಪಬ್ಲಿಕನ್ನರಿಗೆ ನೆರವಾಯಿತು. ಈಗ ಅಧಿಕಾರ ಅವರದೇ. ಬೆಲೆಗಳಿಗೆ ಉತ್ತರ ಹೇಳಬೇಕಾದವರೂ ಅವರೇ.

ಮಿಷಿಗನ್‌ನ ಡಿಯರ್‌ಬಾರ್ನ್ ನಗರವನ್ನು ನೋಡಿ. ಅರಬ್ ಮೂಲದವರೇ ಹೆಚ್ಚಿರುವ ಆ ನಗರವು 2020ರಲ್ಲಿ ಜೋ ಬೈಡನ್‌ರನ್ನು ಭಾರೀ ಬಹುಮತದಿಂದ ಬೆಂಬಲಿಸಿತ್ತು. ಗಾಝಾದ ನರಮೇಧವನ್ನು ಕಂಡು ನೊಂದ ಅದೇ ನಗರದಲ್ಲಿ 2024ರಲ್ಲಿ ಟ್ರಂಪ್ ಸುಮಾರು ಶೇ. 42 ಮತ ಪಡೆದು ಮೊದಲಿಗರಾದರು. ಕಮಲಾ ಹ್ಯಾರಿಸ್ ಶೇ. 36ರಷ್ಟಕ್ಕೆ ಕುಸಿದರು. ಇದು ರಿಪಬ್ಲಿಕನ್ ಪಕ್ಷಕ್ಕೆ ಸಂದ ಪ್ರೀತಿಯಲ್ಲ, ಡೆಮಾಕ್ರಟಿಕ್ ಪಕ್ಷದ ಮೇಲಿನ ಸಿಟ್ಟು. 2025ರ ಜೂನ್‌ನಲ್ಲಿ ಟ್ರಂಪ್ ಸರಕಾರವು 12 ದೇಶಗಳ ನಾಗರಿಕರಿಗೆ ಪ್ರವೇಶ ನಿಷೇಧಿಸಿತು. ಅದೇ ತಿಂಗಳು ಇರಾನಿನ ಪರಮಾಣು ನೆಲೆಗಳ ಮೇಲೆ ಬಾಂಬ್ ಹಾಕಿತು. 2000ದಲ್ಲಿ ಜಾರ್ಜ್ ಬುಶ್‌ರನ್ನು ಬೆಂಬಲಿಸಿದ್ದ ಮುಸ್ಲಿಮ್ ಮತದಾರರಲ್ಲಿ ಹೆಚ್ಚಿನವರು, 2003ರ ಇರಾಕ್ ಯುದ್ಧದ ಬಳಿಕ 2004ರಲ್ಲಿ ಅವರಿಂದ ದೂರ ಸರಿದಿದ್ದರು.

ಸಿಟ್ಟಿನಿಂದ ಬಂದ ಮತವನ್ನು ವಿಶ್ವಾಸದ ಮತವಾಗಿಸುವ ಕೆಲಸ ಸರಕಾರದ ನಡೆಯಿಂದ ಮಾತ್ರ ಸಾಧ್ಯ. ರಿಪಬ್ಲಿಕನ್ ಪಕ್ಷದ ಭವಿಷ್ಯ ನಿಂತಿರುವುದು ಅದರ ಮೇಲೆಯೇ. ಹಾಗೆಂದು, ಮುನಿದವರು ತಾವಾಗಿಯೇ ಮರಳಿ ಬರುತ್ತಾರೆಂದು ಡೆಮಾಕ್ರಟರು ಕೈಕಟ್ಟಿ ಕುಳಿತರೆ ಅವರಿಗೂ ನಿರಾಶೆಯೇ ಗತಿ. ಮತದಾರ ಯಾವ ಪಕ್ಷದ ಆಸ್ತಿಯೂ ಅಲ್ಲ ಎಂಬುದೇ ಡಿಯರ್‌ಬಾರ್ನ್ ನಮಗೆ ನೀಡುವ ಪಾಠ.